ಮಂಗಳೂರಿನಲ್ಲಿದ್ದ ಅಬ್ರಹಾಮನು

ಸತ್ಯವೇದದ ಆದಿಕಾಂಡವನ್ನು ಕನ್ನಡದಲ್ಲಿ ಓದಿದ ನಮ್ಮ ಶಾಲೆಯ ಹೆಣ್ಣುಮಕ್ಕಳೆಲ್ಲರೂ ಅಬ್ರಾಮನು ಅಬ್ರಹಾಮನಾದ ಸಂಗತಿಯನ್ನು ಬಲ್ಲರು. ೯೯ ವರುಷದ ಆ ವೃದ್ಧನಿಗೆ ದೇವರು ಹೊಸ ಹೆಸರನ್ನು ದಯಪಾಲಿಸಿದುದನ್ನು ಹದಿನೇಳನೆಯ ಅಧ್ಯಾಯವು ತಿಳಿಸುವದು. ಇಬ್ರಿಯ ಭಾಷೆಯಲ್ಲಿ ಈ ಎರಡು ಹೆಸರುಗಳಿಗಿರುವ ಅಂತರವು ಒಂದೇ ಅಕ್ಷರ. ಅದಕ್ಕೆ ಹೇ ಎಂದು ಹೆಸರು. ನಮ್ಮ ಸತ್ಯವೇದವನ್ನು ಭಾಷಾಂತರಿಸಿದವರು ಮೂಲದ ಉಚ್ಚಾರವನ್ನು ಕಾಪಾಡಿರುವದರಿಂದ ಕನ್ನಡದಲ್ಲಿಯೂ ಒಂದು ಹಕಾರವು ಹೆಸರಿನ ನಡುವೆ ಬಂದು ಕುಳಿತಿರುವದನ್ನು ನಾವು ಕಣ್ಣಾರೆ ಕಾಣಬಹುದು. ಫ್ರೇಜರ್ ಟೌನ್ ಪುಲಿಕೇಶಿನಗರವಾದ ಮೇಲೆಯೂ ಹಳೆಯ ವಿದ್ಯಾರ್ಥಿನಿಯರು ಹಿಂದಿನ ಹೆಸರನ್ನೇ ಹೇಳುತ್ತಿರುವರು. ಅದರಿಂದ ಯಾರಿಗೂ ಕೋಪವಿಲ್ಲ. ಆದರೆ ಅಬ್ರಹಾಮನನ್ನು ಹಳೆಯ ಹೆಸರಿನಿಂದ ಕರೆಯುವವನು ಆಜ್ಞೆಯನ್ನು ಮೀರಿದವನೆಂದು ಯೆಹೂದ್ಯರ ತಾಲ್ಮೂದ್ ಗ್ರಂಥದಲ್ಲಿ ಬಾರ್ ಕಪ್ಪಾರ ಎಂಬ ಪಂಡಿತನು ತೀರ್ಮಾನಿಸಿರುವನು. ಒಂದು ಹೆಸರಿನ ವಿಷಯದಲ್ಲಿ ಅವರಿಗೆ ಅಷ್ಟು ಕಟ್ಟುನಿಟ್ಟು.

ಈ ಹೆಸರನ್ನೇ ಹೊತ್ತು, ಈ ರಬ್ಬಿಗಳ ವಿದ್ಯೆಯನ್ನೇ ಅಭ್ಯಾಸಮಾಡಿದ ಒಬ್ಬ ಮಹನೀಯನು ಸುಮಾರು ಒಂಬೈನೂರು ವರುಷಗಳ ಹಿಂದೆ ನಮ್ಮ ಮಂಗಳೂರಿನಲ್ಲಿ ಹದಿನೇಳು ವರುಷ ಸಂಬಂಧವಿಟ್ಟುಕೊಂಡು ಬಾಳಿದನೆಂಬುದು ನಮ್ಮಲ್ಲಿ ಅನೇಕರಿಗೆ ಹೊಸ ವಿಷಯವಾಗಿರಬಹುದು. ಆತನೇ ಅಬ್ರಹಾಮ್ ಬೆನ್ ಯಿಜು. ಬಾಸೆಲ್ ಮಿಷನ್ನಿನ ಬೋಧಕರು ಮಂಗಳೂರಿಗೆ ಬಂದಿಳಿದದ್ದು ೧೮೩೪ರಲ್ಲಿ. ಅದಕ್ಕೆ ಏಳುನೂರು ವರುಷ ಮೊದಲೇ ಅದೇ ಊರಿನಲ್ಲಿ ಇಬ್ರಿಯ ಲಿಪಿಯಲ್ಲಿ ಬರೆಯುವ ಲೇಖನಿಯೊಂದು ಓಡಾಡುತ್ತಿದ್ದಿತು.

ಅಬ್ರಹಾಮನು ಹುಟ್ಟಿದ್ದು ಉತ್ತರ ಆಫ್ರಿಕದ ಮಹ್ದಿಯ್ಯ ಎಂಬ ರೇವುಪಟ್ಟಣದಲ್ಲಿ; ಈಗ ಅದು ಟ್ಯುನೀಸಿಯ ದೇಶಕ್ಕೆ ಸೇರಿರುವದು. ತಂದೆ ಪೆರಹ್ಯನು ವಿದ್ಯಾವಂತನಾದ ರಬ್ಬಿ. ಯೂಸುಫ್ ಮತ್ತು ಮುಬಶ್ಶಿರ್ ಎಂಬಿಬ್ಬರು ಸಹೋದರರೂ ಬೆರಾಖಾ ಎಂಬ ಸಹೋದರಿಯೂ ಆತನಿಗಿದ್ದರು. ಸಹೋದರಿಯ ಹೆಸರನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದರ ಪ್ರಸ್ತಾಪವು ಬರುವದು. ಪಾಂಡಿತ್ಯವಿದ್ದರೂ ಸಿರಿವಂತಿಕೆಯಿಲ್ಲದ ಮನೆಯಿಂದ ಹೊರಟ ಈ ಯುವಕನು ಏಡನ್ ಪಟ್ಟಣವನ್ನು ಸೇರಿ, ಅಲ್ಲಿಯ ಯೆಹೂದ್ಯರ ಮುಖಂಡನೂ ರೇವಿನ ಮೇಲ್ವಿಚಾರಕನೂ ಆಗಿದ್ದ ಮದ್ಮೂನ್ ಎಂಬ ಮಹಾವರ್ತಕನ ಆಶ್ರಯವನ್ನು ಪಡೆದನು. ಏಡನ್ ಆ ಕಾಲದಲ್ಲಿ ಈಜಿಪ್ತಿಗೂ ಹಿಂದೂದೇಶಕ್ಕೂ ನಡುವೆ ಇದ್ದ ದೊಡ್ಡ ಬಾಗಿಲು. ಮುಂಗಾರಿನ ಮಾರುತಗಳನ್ನು ನಂಬಿ ಹಡಗುಗಳು ಪಶ್ಚಿಮ ಕರಾವಳಿಗೆ ಬರುವವು, ಗಾಳಿ ತಿರುಗಿದ ಬಳಿಕ ಹಿಂದಿರುಗುವವು. ಅಂತಹ ಒಂದು ಹಡಗಿನಲ್ಲಿ ಬಂದ ಅಬ್ರಹಾಮನು ೧೧೩೨ನೆಯ ಇಸವಿಯ ಹೊತ್ತಿಗೆ, ಆಳುಪ ಅರಸರು ಆಳುತ್ತಿದ್ದ ಮಂಗಳೂರಿನಲ್ಲಿ ನೆಲೆಗೊಂಡಿದ್ದನು.

ಈ ಸಂಗತಿಗಳೆಲ್ಲ ಹೇಗೆ ತಿಳಿದವೆಂದು ಕೇಳಬಹುದು. ದೇವರ ನಾಮವಿರಬಹುದಾದ ಬರಹವನ್ನು ಯೆಹೂದ್ಯರು ಹರಿದು ಬಿಸಾಡುವದಿಲ್ಲ, ಸುಡುವದೂ ಇಲ್ಲ. ಈಜಿಪ್ತಿನ ಹಳೆಯ ಕೈರೋ, ಅಂದರೆ ಫುಸ್ತಾತ್ ಪಟ್ಟಣದ ಬೆನ್ ಎಜ್ರಾ ಸಭಾಮಂದಿರದಲ್ಲಿ ಅಂತಹ ಹಳೆಯ ಕಾಗದಗಳನ್ನು ಹಾಕುವದಕ್ಕಾಗಿಯೇ ಒಂದು ಕೋಣೆಯಿದ್ದಿತು. ಅದಕ್ಕೆ ಗೆನೀಜಾ ಎಂದು ಹೆಸರು. ಕಾಗದವು ಪವಿತ್ರವೋ ಲೌಕಿಕವೋ ಎಂದು ವಿಂಗಡಿಸುವ ಗೊಡವೆಗೆ ಹೋಗದೆ ಪತ್ರ, ಲೆಕ್ಕ, ಕರಾರು ಎಲ್ಲವನ್ನೂ ಜನರು ಅಲ್ಲಿ ಹಾಕಿಬಿಟ್ಟರು. ಅವರ ಈ ಸೋಮಾರಿತನಕ್ಕೆ ನಾವು ಎಷ್ಟು ಕೃತಜ್ಞರಾಗಿದ್ದರೂ ಸಾಲದು.

ಇಲ್ಲಿ ಇಬ್ಬರು ಸಹೋದರಿಯರನ್ನು ನೆನೆಯದೆ ಮುಂದುವರಿಯುವದು ಹೆಣ್ಣುಮಕ್ಕಳ ಶಾಲೆಯ ಸಂಚಿಕೆಗೆ ತಕ್ಕದ್ದಲ್ಲ. ಆಗ್ನೆಸ್ ಲೂಯಿಸ್ ಮತ್ತು ಮಾರ್ಗರೆಟ್ ಗಿಬ್ಸನ್ ಎಂಬವರು ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ ಸಭೆಗೆ ಸೇರಿದ ಅವಳಿ ಸೋದರಿಯರು. ಇಬ್ಬರೂ ವಿಧವೆಯರಾದ ಬಳಿಕ ವಿದ್ಯೆಯಲ್ಲಿಯೇ ಮನಸ್ಸನ್ನಿಟ್ಟು ಸುರ್ಯ, ಅರಬ್ಬೀ, ಇಬ್ರಿಯ ಭಾಷೆಗಳನ್ನು ಸಾಧಿಸಿದರು. ಅವರು ಕೇಂಬ್ರಿಜ್‌ನಲ್ಲಿ ವಾಸವಾಗಿದ್ದರೂ ಆ ವಿಶ್ವವಿದ್ಯಾನಿಲಯವು ಸ್ತ್ರೀಯರಿಗೆ ಪೂರ್ಣ ಪದವಿಯನ್ನು ಕೊಡತೊಡಗಿದ್ದು ೧೯೪೮ರಲ್ಲಿ ಮಾತ್ರ. ೧೮೯೬ರಲ್ಲಿ ಈ ಸೋದರಿಯರು ಪೂರ್ವದೇಶದಿಂದ ಕೊಂಡುತಂದಿದ್ದ ಹಳೆಯ ಹಾಳೆಯೊಂದನ್ನು ಸಾಲೊಮನ್ ಶೆಕ್ಟರ್ ಎಂಬ ವಿದ್ವಾಂಸನಿಗೆ ತೋರಿಸಲು, ಅದು ಬೆನ್ ಸೀರನ ಗ್ರಂಥದ ಇಬ್ರಿಯ ಮೂಲವೆಂದು ಆತನು ಗುರುತಿಸಿದನು. ಅದೇ ವರುಷದ ಕೊನೆಗೆ ಆತನು ಕೈರೋವಿಗೆ ಹೊರಟು ಗೆನೀಜಾದ ಬಹುಭಾಗವನ್ನು ಕೇಂಬ್ರಿಜ್‌ಗೆ ಸಾಗಿಸಿದನು. ಅದಕ್ಕೂ ಮೊದಲು ಮತ್ತು ಅನಂತರ ಹಲವು ಹಾಳೆಗಳು ಬೇರೆ ಬೇರೆ ದೇಶಗಳಿಗೆ ಹಂಚಿಹೋದವು. ಮುಂದೆ ಗೊಯ್ಟೈನ್ ಎಂಬ ಮಹಾವಿದ್ವಾಂಸನು ಚದರಿಹೋಗಿದ್ದ ಈ ತುಂಡುಗಳಿಂದ ಹಿಂದೂದೇಶದ ವರ್ತಕರ ಪತ್ರಗಳನ್ನು ಹೆಕ್ಕಿ ತೆಗೆದನು. ಆತನ ಕೆಲಸವನ್ನು ಫ್ರೀಡ್ಮನ್ ಎಂಬಾತನು ಪೂರ್ತಿಗೊಳಿಸಿ ೨೦೦೮ರಲ್ಲಿ ಪ್ರಕಟಪಡಿಸಿದನು. ಅಷ್ಟರೊಳಗೆ ೧೯೯೨ರಲ್ಲಿ ಅಮಿತಾವ ಘೋಷರು ಬರೆದ ಗ್ರಂಥದಿಂದ ಬೆನ್ ಯಿಜುವಿನ ಹೆಸರು ಲೋಕವಿಖ್ಯಾತವಾಗಿದ್ದಿತು.

ಈ ಹಾಳೆಗಳಲ್ಲಿ ನಮ್ಮ ಮನಸ್ಸನ್ನು ಎಲ್ಲಕ್ಕಿಂತಲೂ ಹೆಚ್ಚಾಗಿ ಸೆಳೆಯುವದು ೧೧೩೨ನೆಯ ಅಕ್ಟೋಬರ್ ೧೭ರಂದು ಮಂಗಳೂರಿನಲ್ಲಿ ಬರೆಯಲ್ಪಟ್ಟ ಒಂದು ಪತ್ರ. ಈಗ ಅದು ರಷ್ಯದ ಸೇಂಟ್ ಪೀಟರ್ಸ್‌ಬರ್ಗ್ ಪಟ್ಟಣದಲ್ಲಿರುವದು. ಆಶು ಎಂಬ ಹೆಸರಿನ ಈ ನಾಡಿನ ಹೆಣ್ಣೊಬ್ಬಳನ್ನು ಅಬ್ರಹಾಮನು ಕ್ರಯಕ್ಕೆ ಪಡೆದಿದ್ದನು. ಆ ದಿನ ಆತನು ಆಕೆಯನ್ನು ದಾಸತ್ವದಿಂದ ಬಿಡುಗಡೆಮಾಡಿ, ಇನ್ನು ಮುಂದೆ ಆಕೆಯ ಮೇಲೆ ತನಗಾಗಲಿ ಅನ್ಯರಿಗಾಗಲಿ ಯಾವ ಅಧಿಕಾರವೂ ಇಲ್ಲದಂತೆ ಬರೆದುಕೊಟ್ಟು, ಬೆರಾಖಾ ಎಂಬ ಹೊಸ ಹೆಸರನ್ನಿಟ್ಟನು. ತನ್ನ ಒಡಹುಟ್ಟಿದವಳ ಹೆಸರನ್ನೇ ಆಕೆಗೆ ಕೊಟ್ಟನು.

ಮನುಷ್ಯರನ್ನು ಹಣಕೊಟ್ಟು ಕೊಂಡುಕೊಳ್ಳುವ ಪದ್ಧತಿಯು ಎಷ್ಟು ಹೇಯವಾದುದೆಂದು ನಾವು ಹೇಳಬೇಕಾಗಿಲ್ಲ. ಅಬ್ರಹಾಮನು ಆ ಪದ್ಧತಿಯೊಳಗೆಯೇ ಇದ್ದವನು, ಅದರಿಂದ ಲಾಭ ಪಡೆದವನು. ಆಶುವಿನ ಇಷ್ಟಾನಿಷ್ಟಗಳನ್ನು ಯಾರೂ ಬರೆದಿಡಲಿಲ್ಲ. ಇಷ್ಟಾದರೂ ಯೆಹೂದ್ಯರ ಧರ್ಮಶಾಸ್ತ್ರದ ಪ್ರಕಾರ ಈ ಒಂದು ಹಾಳೆಯ ಶಕ್ತಿಯು ಸಾಮಾನ್ಯವಾದುದಲ್ಲ. ಬಿಡುಗಡೆ ಹೊಂದಿದ ದಾಸಿಯು ವಿಧಿಪ್ರಕಾರ ನೀರಿನ ಕೊಳದಲ್ಲಿ ಮುಳುಗಿ ಎದ್ದ ಮೇಲೆ ಸಭೆಯ ಪೂರ್ಣ ಸದಸ್ಯೆಯಾಗುವಳು. ಯೆಹೂದ್ಯನೊಬ್ಬನ ಧರ್ಮಪತ್ನಿಯಾಗುವ ಹಕ್ಕು ಆಕೆಗೆ ಬರುವದು. ಆಕೆಯ ಮಕ್ಕಳು ದಾಸರಾಗುವದಿಲ್ಲ. ಅಬ್ರಹಾಮನು ಬೆರಾಖಾಳನ್ನು ಮದುವೆಯಾದನೆಂದೂ ಆತನ ಮಕ್ಕಳು ಆಕೆಯವರೇ ಎಂದೂ ವಿದ್ವಾಂಸರು ನಿರ್ಧರಿಸಿರುವರು. ಲೆಕ್ಕದ ಚೀಟಿಯೊಂದರಲ್ಲಿ ಆಶುವಿನ ಸಹೋದರನಾದ ನಾಯರ್ ಎಂಬಾತನ ಹೆಸರು ಬಂದಿರುವದರಿಂದ, ತವರಿನ ಸಂಬಂಧವು ಕಡಿದುಹೋಗಿರಲಿಲ್ಲವೆಂದು ತಿಳಿಯುವದು.

ಬೆರಾಖಾ ಎಂದರೆ ಇಬ್ರಿಯದಲ್ಲಿ ಆಶೀರ್ವಾದ. ರಬ್ಬಿಯ ಮಗನಾದ ಒಬ್ಬ ಅಬ್ರಹಾಮನ ಕಿವಿಗೆ ಈ ಮಾತು ಹೇಗೆ ಕೇಳಿಸಿರಬೇಕು? ಆದಿಕಾಂಡದ ಹನ್ನೆರಡನೆಯ ಅಧ್ಯಾಯದಲ್ಲಿ, ಸ್ವದೇಶವನ್ನೂ ಬಂಧುಗಳನ್ನೂ ಬಿಟ್ಟು ಹೊರಡುವ ಮೂಲಪಿತೃವಿಗೆ ದೇವರು ನೀಡುವ ವಾಗ್ದಾನದಲ್ಲಿ ಬರುವ ಶಬ್ದವೇ ಇದು. ದೇವರು ಆತನನ್ನು ಆಶೀರ್ವದಿಸುವದು ಮಾತ್ರವಲ್ಲ, ಆತನೇ ಆಶೀರ್ವಾದವಾಗಬೇಕೆಂದು ಅಲ್ಲಿ ಹೇಳಲ್ಪಟ್ಟಿದೆ. ಇನ್ನು ಮೇಲೆ ಆಶೀರ್ವಾದಗಳನ್ನು ಹಂಚುವ ಅಧಿಕಾರವು ಅಬ್ರಹಾಮನ ಕೈಗೇ ಬಂದಿತೆಂದು, ೧೧೦೫ರಲ್ಲಿ ತೀರಿಕೊಂಡ ಫ್ರಾನ್ಸ್ ದೇಶದ ಮಹಾವ್ಯಾಖ್ಯಾನಕಾರನಾದ ರಾಶಿಯು ಇದನ್ನು ವಿವರಿಸಿರುವನು. ಆದರೆ ಇದಕ್ಕಿಂತಲೂ ಹಳೆಯದೊಂದು ವ್ಯಾಖ್ಯಾನವು ಆದಿಕಾಂಡದ ಮಿದ್ರಾಷ್ ಎಂಬ ಗ್ರಂಥದಲ್ಲಿದೆ. ಇಬ್ರಿಯ ಬರಹದಲ್ಲಿ ಸ್ವರಗಳನ್ನು ಬರೆಯುವ ವಾಡಿಕೆಯಿಲ್ಲದ್ದರಿಂದ ಬೆರಾಖಾ ಎಂಬುದನ್ನು ಬೆರೇಖಾ ಎಂದೂ ಓದಬಹುದು. ಹಾಗೆ ಓದಿದರೆ ಅದರ ಅರ್ಥವು ಕೊಳ ಎಂದಾಗುವದು. ಕೊಳದ ನೀರು ಅಶುದ್ಧರನ್ನು ಶುದ್ಧಮಾಡುವಂತೆ ಅಬ್ರಹಾಮನು ದೂರವಿದ್ದವರನ್ನು ಹತ್ತಿರಕ್ಕೆ ತರುವನೆಂದು ರಬ್ಬಿಗಳು ಅರ್ಥಮಾಡಿದರು. ನೀರಿನಲ್ಲಿ ಮುಳುಗಿ ಎದ್ದು ಹೊಸ ಜನಾಂಗಕ್ಕೆ ಸೇರುವ ಹೆಣ್ಣಿಗೆ ಇದಕ್ಕಿಂತ ಒಪ್ಪುವ ಹೆಸರು ದೊರೆಯಲಾರದು. ಮಂಗಳೂರಿನ ಅಬ್ರಹಾಮನು ಈ ವ್ಯಾಖ್ಯಾನವನ್ನು ಮನಸ್ಸಿನಲ್ಲಿಟ್ಟೇ ಹೆಸರನ್ನಾರಿಸಿದನೆಂದು ಸಾಧಿಸುವದಕ್ಕೆ ನಾವು ಹೊರಟಿಲ್ಲ. ತಂಗಿಯ ನೆನಪೇ ಸಾಕಾಗಿದ್ದಿರಬಹುದು. ಆದರೂ ಕವಿತೆಗಳನ್ನು ಕಟ್ಟುತ್ತಿದ್ದ, ಧರ್ಮಪ್ರಶ್ನೆಗಳಿಗೆ ಉತ್ತರ ಬರೆಯುತ್ತಿದ್ದ ಒಬ್ಬ ಪಂಡಿತನು ಇದನ್ನು ಅರಿಯದವನೆಂದು ನಂಬುವದು ನಮಗೆ ಕಷ್ಟ.

ಮೂಲಪಿತೃವಿನ ಹೆಸರಿನ ಮೇಲೆ ರಬ್ಬಿಗಳು ಮಾಡಿದ ವಿಚಾರವು ಇಷ್ಟಕ್ಕೇ ನಿಲ್ಲುವದಿಲ್ಲ. ಅಬ್ರಾಮನೆಂಬುದನ್ನು ಅವರು ಅರಾಮಿನ ತಂದೆ ಎಂದು ಬಿಡಿಸಿದರು; ಅರಾಮ್ ಆತನು ಬಿಟ್ಟುಬಂದ ಸೀಮೆ. ಅಬ್ರಹಾಮನೆಂದಾಗ ಆತನು ಸಮಸ್ತ ಜನಾಂಗಗಳ ತಂದೆಯಾದನು. ಹಾಗಾದರೆ ಹೊಸ ಅರ್ಥಕ್ಕೆ ಬೇಡವಾದ ರಕಾರವು ಹೆಸರಿನಲ್ಲಿ ಏಕೆ ಉಳಿಯಿತು? ಹಳೆಯ ಊರಿನ ಗುರುತಾಗಿದ್ದ ಆ ಅಕ್ಷರವನ್ನು ದೇವರು ಅದರ ಸ್ಥಳದಿಂದ ಕದಲಿಸಲಿಲ್ಲವೆಂದು ರಾಶಿಯು ಉತ್ತರ ಕೊಡುವನು. ಊರು ಬಿಟ್ಟು ಬಂದವರಿಗೆ ಈ ಮಾತಿನ ಸವಿಯು ತಿಳಿಯದೆ ಇರದು.

ನಮ್ಮ ಕಟಪಯಾದಿಯಂತೆ ಇಬ್ರಿಯರಲ್ಲಿಯೂ ಅಕ್ಷರಗಳಿಗೆ ಸಂಖ್ಯೆಗಳುಂಟು. ಅಬ್ರಾಮ ಎಂಬ ಹೆಸರಿನ ಮೊತ್ತವು ೨೪೩. ಹೇ ಅಕ್ಷರದ ೫ನ್ನು ಕೂಡಿಸಲು ೨೪೮ ಆಗುವದು. ಮನುಷ್ಯದೇಹದ ಅವಯವಗಳು ೨೪೮ ಎಂದೂ ಧರ್ಮಶಾಸ್ತ್ರದಲ್ಲಿ ಮಾಡತಕ್ಕವೆಂದು ವಿಧಿಸಿದ ಆಜ್ಞೆಗಳು ೨೪೮ ಎಂದೂ ರಬ್ಬಿಗಳ ಲೆಕ್ಕ. ಮೊದಲು ೨೪೩ ಅವಯವಗಳ ಮೇಲೆ ಮಾತ್ರ ಒಡೆತನವಿದ್ದ ಆತನಿಗೆ ಹೊಸ ಹೆಸರಿನೊಡನೆ ಕಣ್ಣು ಕಿವಿಗಳೂ ಸ್ವಾಧೀನವಾದವೆಂದು ತಾಲ್ಮೂದಿನಲ್ಲಿದೆ. ಕಾಣುವದು ಕೇಳುವದು ನಮ್ಮ ಇಷ್ಟದಂತೆ ನಡೆಯುವದಲ್ಲವಾದದ್ದರಿಂದ ಅವುಗಳನ್ನು ಆಳುವದೇ ಕೊನೆಯ ಸಾಧನೆಯೆಂದು ಅವರ ಅಭಿಪ್ರಾಯ.

ಆ ಐದು ಎಲ್ಲಿಂದ ಬಂದಿತೆಂಬುದಕ್ಕೆ ಹೇಳುವ ಕಥೆಯು ಇನ್ನೂ ರಮ್ಯವಾದುದು. ಸಾರಯಳ ಹೆಸರಿನ ಕೊನೆಯಲ್ಲಿದ್ದ ಯೋದ್ ಅಕ್ಷರದ ಬೆಲೆ ೧೦. ಆಕೆಯು ಸಾರಾ ಆದಾಗ ಅದನ್ನು ಎರಡು ಭಾಗಮಾಡಿ ಒಂದು ಐದನ್ನು ಆಕೆಗೂ ಇನ್ನೊಂದು ಐದನ್ನು ಆಕೆಯ ಗಂಡನಿಗೂ ಕೊಡಲಾಯಿತೆಂದು ಮಿದ್ರಾಷ್ ಹೇಳುವದು. ಎಂದ ಮೇಲೆ ಜನಾಂಗಗಳ ತಂದೆಯೆಂಬ ಬಿರುದಿನಲ್ಲಿ ಬೆಳಗುವ ಅಕ್ಷರವು ಹೆಂಡತಿಯ ಗಂಟಿನಿಂದ ಬಂದುದು! ಇನ್ನೊಬ್ಬ ರಬ್ಬಿಯ ಪ್ರಕಾರ, ಆ ಚಿಕ್ಕ ಯೋದ್ ತನ್ನನ್ನು ನೀತಿವಂತೆಯ ಹೆಸರಿನಿಂದ ಕಿತ್ತುಹಾಕಿದರೆಂದು ದೇವರ ಸನ್ನಿಧಿಯಲ್ಲಿ ದೂರು ಕೊಡುತ್ತಲೇ ಇದ್ದು, ಕಡೆಗೆ ಹೋಶೇಯನ ಹೆಸರಿನ ಮೊದಲಿಗೆ ಸೇರಿ ಆತನನ್ನು ಯೆಹೋಶುವನನ್ನಾಗಿ ಮಾಡಿತು. ಹೆಣ್ಣಿನ ಹೆಸರಿನ ಕೊನೆಯಲ್ಲಿದ್ದುದು ಗಂಡಿನ ಹೆಸರಿನ ತಲೆಗೇರಿತು.

ದಾಸಿಯಾದ ಹಾಗರಳನ್ನೂ ರಬ್ಬಿಗಳು ಮರೆಯಲಿಲ್ಲ. ಸಾರಾ ತೀರಿಕೊಂಡ ಬಳಿಕ ಅಬ್ರಹಾಮನು ಮದುವೆಯಾದ ಕೆಟೂರಳು ಬೇರೆ ಯಾರೂ ಅಲ್ಲ, ಅರಣ್ಯಕ್ಕೆ ಕಳುಹಿಸಲ್ಪಟ್ಟಿದ್ದ ಹಾಗರಳೇ ಎಂದು ಅವರಲ್ಲಿ ಕೆಲವರು ಹೇಳಿದರು. ಆಕೆಯ ನಡತೆಯು ಧೂಪದಂತೆ ಸುಗಂಧವಾಗಿದ್ದುದರಿಂದ ಧೂಪವನ್ನು ಸೂಚಿಸುವ ಹೊಸ ಹೆಸರು ಬಂದಿತಂತೆ. ಆದಿಕಾಂಡದಲ್ಲಿ ನಮ್ಮ ಮನಸ್ಸನ್ನು ನೋಯಿಸುವ ಆ ಕಥೆಯು ಅವರ ಮನಸ್ಸನ್ನೂ ನೋಯಿಸಿರಬೇಕು.

ಮಂಗಳೂರಿಗೆ ಹಿಂದಿರುಗೋಣ. ಅಬ್ರಹಾಮನ ವ್ಯಾಪಾರವು ಬೆಳೆಯಿತು. ಮೆಣಸು, ಏಲಕ್ಕಿ, ಅಡಕೆ, ಕಬ್ಬಿಣ ಇವನ್ನು ಏಡನ್‌ಗೆ ಕಳುಹಿಸುವನು. ಕಂಚು ಹಿತ್ತಾಳೆಯ ಪಾತ್ರೆಗಳ ಕಾರ್ಖಾನೆಯೊಂದನ್ನೂ ಆತನು ನಡೆಯಿಸುತ್ತಿದ್ದನು. ಏಡನ್‌ನ ಗೆಳೆಯರು ಒಡೆದ ತಾಮ್ರದ ಪಾತ್ರೆಗಳನ್ನು ಹಡಗಿನಲ್ಲಿ ಕಳುಹಿಸಿ, ಇಂತಹ ಅಳತೆಯ ಬಟ್ಟಲು, ಇಂತಹ ದೀಪ ಎಂದು ಹೇಳಿ ಮಾಡಿಸಿಕೊಳ್ಳುತ್ತಿದ್ದರು. ಅವರು ಉಡುಗೊರೆಯಾಗಿ ಕಳುಹಿಸುತ್ತಿದ್ದವು ಸಕ್ಕರೆ, ಒಣದ್ರಾಕ್ಷಿ, ಮತ್ತು ಕಾಗದ. ಓಲೆಗರಿಯ ನಾಡಿನಲ್ಲಿ ಕಾಗದಕ್ಕೆ ಬಹಳ ಅಭಾವ. ಆದದರಿಂದ ಬಂದ ಪತ್ರಗಳ ಹಿಂಬದಿಯಲ್ಲಿಯೇ ಆತನು ಲೆಕ್ಕ ಬರೆದನು, ಕವಿತೆ ಬರೆದನು, ಧರ್ಮವಿಚಾರ ಬರೆದನು. ಏಲಕ್ಕಿಯ ಬಾಕಿಯ ಹಿಂದೆ ದೇವಸ್ತುತಿಯಿರುವದು.

ಬೊಮ್ಮನೆಂಬ ಈ ಕಡೆಯವನೊಬ್ಬನು ಆತನ ಆಳಾಗಿ, ಕಾರ್ಯಭಾರಿಯಾಗಿ ಸರಕಿನೊಡನೆ ಏಡನ್‌ಗೂ ಹೋಗಿಬಂದನು. ವರುಷಗಳು ಕಳೆದಂತೆ ಏಡನ್‌ನ ದೊಡ್ಡ ವರ್ತಕರು ತಮ್ಮ ಪತ್ರಗಳಲ್ಲಿ ಬೊಮ್ಮನಿಗೂ ಗೌರವದ ವಂದನೆಗಳನ್ನು ತಿಳಿಸಿದ್ದನ್ನು ಕಾಣುತ್ತೇವೆ. ಇಬ್ರಿಯ ಲಿಪಿಯಲ್ಲಿ ಮೂರೇ ಅಕ್ಷರವಾಗಿದ್ದ ಈ ಹೆಸರನ್ನು ಗೊಯ್ಟೈನ್ ಮೊದಲಾದವರು ಬಾಮ ಎಂದು ಓದಿದ್ದರು. ಅದು ಬೊಮ್ಮನೆಂದು ಬಗೆಹರಿಸುವದಕ್ಕೆ ಘೋಷರು ಮಂಗಳೂರಿಗೇ ಬಂದು ಪ್ರೊ. ಬಿ. ಎ. ವಿವೇಕ ರೈಗಳ ಸಹಾಯ ಪಡೆಯಬೇಕಾಯಿತು. ನಮ್ಮ ಓದುಗರಲ್ಲಿ ಯಾರನ್ನು ಕೇಳಿದ್ದರೂ ಹೇಳಿಬಿಡುತ್ತಿದ್ದರು.

೧೧೪೮ರಲ್ಲಿ ಸಿಸಿಲಿಯ ಅರಸನಾದ ರೋಜರನ ಸೈನ್ಯವು ಮಹ್ದಿಯ್ಯವನ್ನು ಹಿಡಿಯಿತು. ಅಬ್ರಹಾಮನ ಒಡಹುಟ್ಟಿದವರು ದಿಕ್ಕುಪಾಲಾಗಿ ಸಿಸಿಲಿಯನ್ನು ಸೇರಿದರು. ಮರುವರುಷ ಆತನು ಮಕ್ಕಳನ್ನು ಕರೆದುಕೊಂಡು ಏಡನ್‌ಗೆ ಹಿಂದಿರುಗಿ, ತಾನು ಸಂಪತ್ತಿನೊಡನೆಯೂ ಮಕ್ಕಳೊಡನೆಯೂ ಕ್ಷೇಮವಾಗಿ ತಲಪಿರುವದಾಗಿಯೂ ಬಂಧುಗಳೆಲ್ಲರೂ ಬಂದರೆ ಇರುವದನ್ನು ಹಂಚಿಕೊಂಡು ಬಾಳೋಣವೆಂಬುದಾಗಿಯೂ ಸಹೋದರರಿಗೆ ಬರೆದನು. ಆ ಪತ್ರದಲ್ಲಿ ಬೆರಾಖಾಳ ಮಾತಿಲ್ಲ. ಹದಿನೇಳು ವರುಷದ ಸಂಸಾರವು ಒಂದು ಸಾಲಿಗೂ ಬಾರದೆ ಹೋದುದನ್ನು ಓದುವಾಗ ನಮಗೆ ಆತನ ಮೇಲೆ ಅಸಮಾಧಾನವಾಗುವದು.

ಮುಂದಿನ ವರುಷಗಳು ಕಷ್ಟದವು. ಓಗೊಟ್ಟು ಬಂದ ತಮ್ಮ ಮುಬಶ್ಶಿರನು ಅಣ್ಣನ ದೊಡ್ಡ ಮೊತ್ತದ ಹಣವನ್ನು ವಂಚಿಸಿದನು. ಪುತ್ರಶೋಕವೂ ಒದಗಿತು, ಉಳಿದವಳು ಸಿತ್ತ್ ಅಲ್ ದಾರ್ ಎಂಬ ಮಗಳೊಬ್ಬಳೇ. ಮನೆಯೊಡತಿ ಎಂದು ಆ ಹೆಸರಿನ ಅರ್ಥ. ಏಡನ್‌ನ ಪ್ರತಿಷ್ಠಿತ ಮನೆಯವರೊಬ್ಬರು ಮೂರು ವರುಷ ಆಕೆಯನ್ನು ತಮ್ಮಲ್ಲಿಟ್ಟುಕೊಂಡು ಸಾಕಿ, ತಮ್ಮ ಮಗನಿಗೆ ಕೊಡಬೇಕೆಂದು ಕೇಳಿದರು. ತಂದೆಯು ಒಪ್ಪಲಿಲ್ಲ. ಪರಸ್ಥಳದವರ ಸಿರಿಗಿಂತ ಅಣ್ಣತಮ್ಮಂದಿರ ಮಗನೇ ಮೇಲೆಂದು ಎಣಿಸಿ, ಆಗ ಬಡತನದಲ್ಲಿದ್ದ ಯೂಸುಫನಿಗೆ ಫುಸ್ತಾತ್‌ನಿಂದ ಪತ್ರ ಬರೆದು, ಅವನ ಹಿರಿಯ ಮಗನನ್ನು ಕಳುಹಿಸಿಕೊಡಲು ಕೋರಿದನು. ದಾಸಿಯ ಹೊಟ್ಟೆಯಲ್ಲಿ ಹುಟ್ಟಿದವಳೆಂದು ನೆಂಟರು ಹಿಂಜರಿಯುವ ಸಂಭವವು ಇದ್ದಿರಬಹುದು. ಮಂಗಳೂರಿನಲ್ಲಿ ಬರೆದ ಆ ಹಾಳೆಯನ್ನು ಆತನು ಅಷ್ಟು ದೂರ, ಅಷ್ಟು ವರುಷ ಜೋಪಾನವಾಗಿ ಒಯ್ದುದಕ್ಕೆ ಇದೇ ಕಾರಣವೆಂದು ನಮ್ಮ ಎಣಿಕೆ.

ಅದೇ ಫುಸ್ತಾತ್ ಪಟ್ಟಣದಲ್ಲಿ ಕೆಲವು ವರುಷಗಳ ಬಳಿಕ ನೆಲೆಸಿದ ಮಹಾಪಂಡಿತ ಮೈಮೋನಿದೆಸನು, ಯೆಹೂದ್ಯ ಮತವನ್ನು ಹೊಸದಾಗಿ ಸ್ವೀಕರಿಸಿದ್ದ ಓಬದ್ಯನೆಂಬವನಿಗೆ ಒಂದು ಪತ್ರವನ್ನು ಬರೆದನು. ಅನ್ಯಕುಲದಲ್ಲಿ ಹುಟ್ಟಿದ ತಾನು ಪ್ರಾರ್ಥನೆಯಲ್ಲಿ ದೇವರನ್ನು ತನ್ನ ಪಿತೃಗಳ ದೇವರೆಂದು ಕರೆಯಬಹುದೋ ಎಂದು ಓಬದ್ಯನು ಕೇಳಿದ್ದನು. ಧಾರಾಳವಾಗಿ ಕರೆಯಬಹುದೆಂದು ಮೈಮೋನಿದೆಸನು ಉತ್ತರವಿತ್ತು, ಅದಕ್ಕೆ ಆಧಾರವಾಗಿ ಆದಿಕಾಂಡದ ಅದೇ ಹೆಸರನ್ನು ತೋರಿಸಿದನು: ಅಬ್ರಹಾಮನು ಜನಾಂಗಗಳ ತಂದೆಯಾದದ್ದರಿಂದ ಸೇರಿಬಂದವರೆಲ್ಲರೂ ಆತನ ಮಕ್ಕಳೇ. ಈ ಮೈಮೋನಿದೆಸನ ತಮ್ಮನಾದ ದಾವೀದನೂ ವ್ಯಾಪಾರಕ್ಕೆಂದು ನಮ್ಮ ಕಡೆಗೆ ಹೊರಟು ಹಿಂದೂಮಹಾಸಾಗರದಲ್ಲಿ ಮುಳುಗಿಹೋದನು. ಆ ದುಃಖದಿಂದ ಅಣ್ಣನು ವರುಷವೊಂದು ಹಾಸಿಗೆ ಹಿಡಿದನು.

ಸಿಸಿಲಿಯಿಂದ ಬಂದ ವರನು ಅಜ್ಜನ ಹೆಸರನ್ನೇ ಹೊತ್ತ ಪೆರಹ್ಯ. ೧೧೫೬ರಲ್ಲಿ ಫುಸ್ತಾತ್‌ನಲ್ಲಿ ಸಿತ್ತ್ ಅಲ್ ದಾರಳ ವಿವಾಹವು ನೆರವೇರಿತು. ತಂದೆಯು ಕೊಟ್ಟ ಒಡವೆ, ವಸ್ತ್ರ, ಪಾತ್ರೆಗಳ ಪಟ್ಟಿಯು ಗೆನೀಜಾದ ಕಾಗದಗಳ ನಡುವೆ ಉಳಿದುಬಂದಿದೆ. ಅಳಿಯನು ಸಿರಿವಂತನಾಗಲಿಲ್ಲ, ಈಜಿಪ್ತಿನ ಸಣ್ಣ ಊರುಗಳಲ್ಲಿ ಯೆಹೂದ್ಯರ ನ್ಯಾಯಾಧಿಪತಿಯಾಗಿ ಕೆಲಸಮಾಡಿದನು.